ಪ್ರಿಂಟರ್ ಮುಚ್ಚಿಡಿ, ಕಲ್ಲಂಗಡಿ ಹೆಚ್ಚಿ

ಆರು ಮತ್ತು ಹತ್ತು ವರ್ಷದ ಮಕ್ಕಳು, ನೀವು, ನಿಮ್ಮ ಅತ್ತೆಯವರು ಎಲ್ಲರೂ ರಜೆಯಲ್ಲಿ ಒಟ್ಟಿಗೆ ಕುಳಿತು ಬಣ್ಣ ತುಂಬಲು ಹಣ್ಣಿನ ಚಿತ್ರಗಳ ಯಾವ ಪುಸ್ತಕ ಒಳ್ಳೆಯದು, ಇಲ್ಲವೇ ಚಿತ್ರಗಳನ್ನು ಇಳಿಸಿಕೊಂಡು ಮನೆಯಲ್ಲೇ ಪ್ರಿಂಟ್ ತೆಗೆದರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಾನು ಪ್ರಿಂಟ್ ತೆಗೆದವರ ಪೈಕಿ. ವಿಜಯಪುರದ ನಮ್ಮ ಓಣಿಯ ಮಕ್ಕಳನ್ನೂ ಅವರ ತಾಯಂದಿರನ್ನೂ ಸೇರಿಸಿ ಪಡಸಾಲೆಯಲ್ಲಿ ಬೇಸಿಗೆ ಶಿಬಿರ ನಡೆಸುವುದಾಗಿ ಹೇಳಿ, ಮುಂಗಡ ಹಣ ಪಡೆದು, ಒಂದು ರಿಮ್ ಕಾಗದ ತಂದು, ಸೇಬು, ಚೆರಿ, ಸ್ಟ್ರಾಬೆರಿ, ಅನಾನಸುಗಳ ಗೆರೆಚಿತ್ರಗಳನ್ನು ರಾತ್ರಿಯೆಲ್ಲ ಕುಳಿತು ಮುದ್ರಿಸಿದ್ದೆ. ಬೆಳಿಗ್ಗೆ ಮಕ್ಕಳ ಕೈಗೆ ವಾಟರ್ ಕಲರ್ ಕೊಟ್ಟೆ. ಕುಂಚ ತಾಗಿದಲ್ಲೆಲ್ಲ ಕಪ್ಪು ಗೆರೆ ಕದಡಿ ಹಳದಿಯೊಳಗೆ ಹರಿಯಿತು, ಅನಾನಸಿನ ಮೈಮೇಲಿನ ಜಾಲವೆಲ್ಲ ರಾಡಿಯಾಯಿತು, ಚಿಕ್ಕ ಹುಡುಗಿಯೊಬ್ಬಳು ತಾನೇ ಏನೋ ಕೆಡಿಸಿದೆನೆಂದು ತಿಳಿದು ಅಳತೊಡಗಿದಳು.

ಇದರ ಕಾರಣವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಎಡವಲು ಹೊರಟಿರುವುದು ಇದೇ ಕಲ್ಲನ್ನು. ಮನೆಯ ಇಂಕ್‌ಜೆಟ್ ಪ್ರಿಂಟರ್ ದ್ರವ ಶಾಯಿಯ ಅತಿ ಸಣ್ಣ ಹನಿಗಳನ್ನು ಕಾಗದದ ಮೇಲೆ ಚಿಮ್ಮಿಸುತ್ತದೆ. ನಮ್ಮದರಲ್ಲಿದ್ದ ಶಾಯಿ ನೀರಿನಲ್ಲಿ ಕರಗುವಂಥದ್ದು. ಒಣಗಿ ಎಷ್ಟು ದಿನವಾಗಿದ್ದರೂ ನೀರು ಬಿದ್ದರೆ ಮತ್ತೆ ಕರಗುತ್ತದೆ. ಸರಿಯಾಗಿ ಒಣಗಿಲ್ಲವೇನೋ ಎಂದು ಉಳಿದ ಹಾಳೆಗಳನ್ನು ಮಾಳಿಗೆಯ ಬಿಸಿಲಿಗೆ ಹರವಿದೆ, ಪ್ರಯೋಜನವಾಗಲಿಲ್ಲ. ಇಸ್ತ್ರಿ ಹಾಕಿದೆ, ಕಾಗದ ಸುರುಟಿತೇ ಹೊರತು ಶಾಯಿ ನಿಲ್ಲಲಿಲ್ಲ. ಝೆರಾಕ್ಸ್ ಯಂತ್ರದಲ್ಲಿಯೂ ಲೇಸರ್ ಪ್ರಿಂಟರಿನಲ್ಲಿಯೂ ಇರುವುದು ದ್ರವ ಶಾಯಿಯಲ್ಲ, ಪ್ಲಾಸ್ಟಿಕ್ ಬೆರೆತ ಒಣ ಪುಡಿ. ಬಿಸಿ ಉರುಳೆಗಳು ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸುವುದರಿಂದ ಅದರ ಮೇಲೆ ನೀರು ಸುರಿದರೂ ಗೆರೆ ಅಲುಗುವುದಿಲ್ಲ. ಮನೆಯಲ್ಲಿ ಒಂದೇ ಪ್ರತಿ ತೆಗೆದು ಉಳಿದದ್ದನ್ನು ಝೆರಾಕ್ಸ್ ಮಾಡಿಸಿದ್ದರೆ ಗೆರೆಗಳು ಉಳಿಯುತ್ತಿದ್ದವು. ಕಾಗದ ಮಾತ್ರ ಆಗಲೂ ಕೈಕೊಡುತ್ತಿತ್ತು. ಸಾಮಾನ್ಯ ಝೆರಾಕ್ಸ್ ಕಾಗದ 70-75 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವಂಥದ್ದು; ಅದು ನೀರು ಕುಡಿದು ಉಬ್ಬುತ್ತದೆ. ವಾಟರ್ ಕಲರ್ ಬಳಸುವುದಾದರೆ 200 ಜಿಎಸ್‌ಎಂಗಿಂತ ತೆಳುವಾದದ್ದು ಬೇಡ. ಕೊನೆಗೆ ಮುಂಗಡವನ್ನೆಲ್ಲ ಹಿಂದಿರುಗಿಸಿದೆ. ಕಾಗದ, ಕಾರ್ಟ್ರಿಜ್‌ಗಳ ಖರ್ಚು ನನ್ನ ಮೇಲೆಯೇ ಬಿತ್ತು.

ಶಾಯಿ ನಿಂತಿದ್ದರೂ ಆ ರಿಮ್ ದಂಡವೇ ಆಗುತ್ತಿತ್ತು ಎಂಬುದು ನನ್ನ ಈಗಿನ ಅಭಿಪ್ರಾಯ, ಮತ್ತು ನಿಮ್ಮ ಪ್ರಶ್ನೆಯನ್ನು ನಾನು ಒಪ್ಪದಿರುವುದು ಇಲ್ಲಿಯೇ. ನಿಮ್ಮ ಮಕ್ಕಳಿಗೆ ಪುಸ್ತಕ ಬೇಕಾಗಿಲ್ಲ, ಹಣ್ಣು ಬೇಕು. ಮುದ್ರಿತ ಚಿತ್ರದಲ್ಲಿ ಕಲ್ಲಂಗಡಿಯ ಹೋಳು ಸಿಕ್ಕರೆ ಮಗು ಒಳಗೆ ಕೆಂಪು, ಹೊರಗೆ ಹಸಿರು ಎಂದು ತುಂಬಿಬಿಡುತ್ತದೆ. ಎರಡೂ ಹಸಿಯಾಗಿರುವಾಗ ಅಂಚಿನಲ್ಲಿ ಕೂಡಿಕೊಂಡು ಕಂದು ಕೆಸರಾಗುತ್ತವೆ. ನಿಜವಾದ ಹೋಳನ್ನು ತಟ್ಟೆಯಲ್ಲಿಟ್ಟು ನೋಡಲು ಹೇಳಿ. ಕೆಂಪಿಗೂ ಹಸಿರಿಗೂ ನಡುವೆ ಒಂದು ಬಿಳಿಯ ಪಟ್ಟಿ ಇದೆ, ಅದೂ ಕೆಂಪಿನ ಕಡೆಗೆ ನಸುಗೆಂಪಾಗಿ, ಸಿಪ್ಪೆಯ ಕಡೆಗೆ ತಿಳಿಹಸಿರಾಗಿ ತಿರುಗುತ್ತದೆ. ಆ ಪಟ್ಟಿಯನ್ನು ಕಾಗದದಲ್ಲಿ ಖಾಲಿ ಬಿಟ್ಟರೆ ಬಣ್ಣಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಇದನ್ನು ನಾನು ಯಾವ ಮಗುವಿಗೂ ಹೇಳಿಕೊಟ್ಟಿಲ್ಲ; ಹಣ್ಣನ್ನು ಮುಂದಿಟ್ಟಾಗ ಅವರೇ ಬಿಟ್ಟರು.

ನಮ್ಮ ಜಿಲ್ಲೆಗಳಲ್ಲಿ ಇಂಥ ಹಣ್ಣುಗಳಿಗೆ ಬರವಿಲ್ಲ. ತಿಕೋಟಾ ಕಡೆಯ ಹಸಿರು ದ್ರಾಕ್ಷಿಯ ಮೇಲೆ ಬೂದಿಬಣ್ಣದ ತೆಳು ಪೊರೆಯೊಂದು ಇರುತ್ತದೆ; ಅನೇಕರು ಅದನ್ನು ಔಷಧದ ಕಲೆ ಎಂದುಕೊಂಡು ತಿಕ್ಕಿ ತೊಳೆಯುತ್ತಾರೆ, ಆದರೆ ಅದು ಹಣ್ಣು ತಾನೇ ಹೊದ್ದುಕೊಳ್ಳುವ ಮೇಣ. ಹೆಬ್ಬೆರಳಿನಿಂದ ಒರೆಸಿದರೆ ಆ ಜಾಗ ಮಾತ್ರ ಗಾಜಿನಂತೆ ಹೊಳೆಯುತ್ತದೆ. ಕಾಗದದ ಮೇಲೆ ಅದನ್ನು ತೋರಿಸಲು ಬಿಳಿ ಕ್ರೆಯಾನನ್ನು ಹಗುರವಾಗಿ ಉಜ್ಜಿ, ಮೇಲೆ ತೆಳುವಾದ ಹಸಿರು ಎಳೆಯಬೇಕು. ಕ್ರೆಯಾನ್ ಕೂಡ ಮೇಣವೇ ಆದ್ದರಿಂದ ನೀರು ಅಲ್ಲಿ ನಿಲ್ಲದೆ ಸರಿದುಹೋಗುತ್ತದೆ. ಬಾಗಲಕೋಟೆ ಕಡೆಯ ಚಿಕ್ಕು ಕಂದು ಬಣ್ಣ ಕಲಿಸಲಿಕ್ಕೆಂದೇ ಇರುವ ಹಣ್ಣು. ಡಬ್ಬಿಯ ಕಂದು ಬಣ್ಣವನ್ನು ಮುಚ್ಚಿಟ್ಟು ಕೆಂಪು, ಹಳದಿ, ನೀಲಿಗಳನ್ನು ಮಾತ್ರ ಕೊಡಿ, ಹತ್ತು ವರ್ಷದ ಮಗು ಒಂದು ಮಧ್ಯಾಹ್ನವನ್ನು ಅದರಲ್ಲೇ ಕಳೆಯುತ್ತದೆ. ಅದೇ ಮಗುವಿಗೆ ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಕೊಡಿ: ಆ ನೀರನ್ನು ಹಾಳೆಗೆ ಬಳಿದು ಲಿಂಬೆರಸದ ಹನಿ ಬಿಟ್ಟರೆ ಕೆಂಪಾಗುತ್ತದೆ, ಅಡುಗೆ ಸೋಡಾ ಕದಡಿದ ನೀರು ಬಿಟ್ಟರೆ ನೀಲಿ, ಕೆಲವೊಮ್ಮೆ ಹಸಿರಿಗೂ ತಿರುಗುತ್ತದೆ. ಸಿಪ್ಪೆಯಲ್ಲಿರುವ ಆಂಥೋಸಯಾನಿನ್ ಎಂಬ ವರ್ಣದ್ರವ್ಯ ಹುಳಿಗೂ ಕ್ಷಾರಕ್ಕೂ ಬಣ್ಣ ಬದಲಿಸುವುದರಿಂದ ಹೀಗಾಗುತ್ತದೆ. ಬಿಸಿಲಿಗೆ ಈ ಬಣ್ಣ ಬಾಳುವುದಿಲ್ಲ, ಗೋಡೆಗೆ ಅಂಟಿಸುವ ಆಸೆ ಬೇಡ.

ಸಮಯದ ವಿಷಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸತೇನಲ್ಲ, ಗಾಳಿಯೂ ಒಣದು. ಮಧ್ಯಾಹ್ನ ವಾಟರ್ ಕಲರ್ ಹಿಡಿದರೆ ಕುಂಚವನ್ನು ಬಟ್ಟಲಿಗೆ ಅದ್ದಿ ತರುವಷ್ಟರಲ್ಲಿ ಹಾಳೆಯ ಬಣ್ಣ ಒಣಗಿ ಗಡುಸಾದ ಅಂಚು ಉಳಿಯುತ್ತದೆ, ಮಕ್ಕಳು ಅದರ ಮೇಲೆ ತಿಕ್ಕಿ ತಿಕ್ಕಿ ಕಾಗದ ಹರಿಯುತ್ತಾರೆ. ನೀರಿನ ಬಣ್ಣಕ್ಕೆ ಬೆಳಗಿನ ಹೊತ್ತು, ಮಧ್ಯಾಹ್ನಕ್ಕೆ ಬಣ್ಣದ ಪೆನ್ಸಿಲ್. ಕ್ರೆಯಾನ್ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡಬೇಡಿ, ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇನ್ನು ನೀವು ಮತ್ತು ಅತ್ತೆಯವರು. ಮಕ್ಕಳಿಗೆ ಬೇಡವೆಂದ ಗೆರೆಚಿತ್ರವನ್ನೇ ನಿಮಗೆ ಬೇಕೆನ್ನುತ್ತೇನೆ, ಹೀಗಾಗಿ ನಾಲ್ವರಿಗೂ ಒಂದೇ ಪುಸ್ತಕವೆಂಬ ಯೋಚನೆಯನ್ನು ಬಿಟ್ಟುಬಿಡಿ. ಖಾಲಿ ಹಾಳೆ ಕೊಟ್ಟಾಗ ನಮ್ಮ ಓಣಿಯ ತಾಯಂದಿರು "ನನಗೆ ಬರೋದಿಲ್ರಿ" ಎಂದು ಪೆನ್ಸಿಲ್ ಕೆಳಗಿಟ್ಟರು. ಗೆರೆ ಹಾಕಿಕೊಟ್ಟ ಹಾಳೆಯಿಂದ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು. 2005ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ನಡುವೆ ನಡೆದ ಅಧ್ಯಯನವೊಂದರಲ್ಲಿಯೂ ಮಂಡಲ ಅಥವಾ ಚೌಕಳಿ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ, ಖಾಲಿ ಹಾಳೆ ಪಡೆದವರದಕ್ಕಿಂತ ಹೆಚ್ಚು ಇಳಿದದ್ದು ಕಂಡುಬಂದಿತ್ತು. ಮಂಡಲಕ್ಕಾಗಿ ಎಲ್ಲಿಯೂ ಹುಡುಕಬೇಕಾಗಿಲ್ಲ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ, ನಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆಯನ್ನು ಅಡ್ಡಲಾಗಿ ಕೊಯ್ದರೆ ವೃತ್ತದೊಳಗೆ ಸುಮಾರು ಹತ್ತು ತೊಳೆಗಳು, ನಡುವೆ ಬಿಳಿಯ ತಿರುಳು, ಒಂದೆರಡು ತೊಳೆಗಳಲ್ಲಿ ಬೀಜ ಕಾಣುತ್ತವೆ. ಹೋಳನ್ನು ಬಟ್ಟೆಯ ಮೇಲೆ ಒತ್ತಿ ರಸ ಹಿಂಗಿಸಿ, ಬಣ್ಣ ಸವರಿ ಹಾಳೆಗೆ ಒತ್ತಿದರೆ ಆರು ವರ್ಷದ ಮಗುವಿಗೆ ಅದು ಅಚ್ಚು. ಅದೇ ಅಚ್ಚು ಒಣಗಿದ ಮೇಲೆ ತೊಳೆಗಳ ಗೆರೆಗಳನ್ನು ಪೆನ್ನಿನಿಂದ ತಿದ್ದಿ, ಒಳಗೆ ನಿಮಗೆ ಬೇಕಾದ ಎಳೆ, ಚುಕ್ಕೆ, ಕಸೂತಿಯ ಗೋಪುರಗಳನ್ನು ಸೇರಿಸಿಕೊಂಡರೆ ದೊಡ್ಡವರ ಹಾಳೆ ಸಿದ್ಧವಾಯಿತು. ನಾಲ್ವರೂ ಒಂದೇ ಹಣ್ಣಿನ ಸುತ್ತ ಕೂರಬಹುದು.

ಅತ್ತೆಯವರಿಗೆ ಸಣ್ಣ ಗೆರೆ ಕಾಣದಿದ್ದರೆ, ಆ ಲಿಂಬೆಯ ಚಿತ್ರವನ್ನು ಎ4 ಅಳತೆಯಿಂದ ಎ3ಗೆ ದೊಡ್ಡದು ಮಾಡಿಸಿ. ಝೆರಾಕ್ಸ್ ಅಂಗಡಿಯಲ್ಲಿ 141 ಪರ್ಸೆಂಟ್ ಎಂದರೆ ಅವರಿಗೆ ತಿಳಿಯುತ್ತದೆ. ದಪ್ಪ ಕಾಗದವನ್ನು ನೀವೇ ಒಯ್ಯಿರಿ. ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವರು ತಕರಾರು ತೆಗೆದರೆ 100 ಜಿಎಸ್‌ಎಂಗೆ ಒಪ್ಪಿ, ಬಣ್ಣದ ಪೆನ್ಸಿಲ್‌ಗೆ ಅಷ್ಟು ಸಾಕು.