"ಫಾರ್ಮ್ ತುಂಬೋ ಕೆಲಸ ತಾನೇ" ಅಂತ ನಾನೂ ಅಂದುಕೊಂಡಿದ್ದೆ

ಟ್ರಾಮಾ ಘಟಕದಲ್ಲಿ, ಅಂದರೆ ಅಪಘಾತದ ಗಾಯಾಳುಗಳನ್ನು ನೋಡುವ ವಿಭಾಗದಲ್ಲಿ, 5 ವರ್ಷ ಸ್ಟಾಫ್ ನರ್ಸ್ ಆಗಿದ್ದೀರಿ. ಈಗ ರಿಸರ್ಚ್ ನರ್ಸ್ ಆಗು, ಔಷಧ ಪ್ರಯೋಗಗಳಿಗೆ ರೋಗಿಗಳನ್ನು ಸೇರಿಸಿ ದಾಖಲೆ ಬರೆ ಅಂತ ಕರೆಯುತ್ತಿದ್ದಾರೆ. ಅದಕ್ಕೆ ಹೋಗಬೇಕೋ, ಟ್ರಾಮಾ ಕೋರ್ಸ್ ಮಾಡಿಕೊಂಡು ರೋಗಿಗಳ ಪಕ್ಕದಲ್ಲೇ ಉಳಿಯಬೇಕೋ ಅನ್ನುವುದು ನಿಮ್ಮ ಪ್ರಶ್ನೆ. ಕೊನೆಗೆ "ರಿಸರ್ಚ್ ಅಂದರೆ ಬರೀ ಪೇಪರ್ ಕೆಲಸ, ಆರಾಮ ಅಂತಾರೆ, ನಿಜವಾ?" ಅಂತ ಒಂದು ಸಾಲು ಸೇರಿಸಿದ್ದೀರಿ. ಆ ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರಲು ಆಗಲಿಲ್ಲ. ಅದೇ ಮಾತು ಹೇಳಿಕೊಂಡೇ ನಾನು ಆ ಕೆಲಸಕ್ಕೆ ಹೋದೆ. ಹದಿನಾಲ್ಕು ತಿಂಗಳಿಗೆ ವಾಪಸ್ ಬಂದೆ. ವಾಪಸ್ ಕಳಿಸಿದರು ಅನ್ನುವುದೇ ಸರಿ.

ಸಂಶೋಧನೆ ಮೇಲಿನ ಪ್ರೀತಿಯಿಂದ ಹೋಗಿದ್ದಲ್ಲ. ಬೆನ್ನುನೋವು. ಏಳು ವರ್ಷ ರೋಗಿಗಳನ್ನು ಟ್ರಾಲಿಯಿಂದ ಟೇಬಲ್ಲಿಗೆ, ಟೇಬಲ್ಲಿಂದ ಟ್ರಾಲಿಗೆ ಎತ್ತಿ ಸೊಂಟ ಬಿದ್ದುಹೋಗಿತ್ತು. ಇನ್‌ಚಾರ್ಜ್ ಸಿಸ್ಟರ್ ಕರೆದು "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಹೋಗು" ಅಂದರು. ಅಷ್ಟೇ ನನ್ನ ಅರ್ಹತೆ. ಅರ್ಧ ದಿನದ ಟ್ರೈನಿಂಗ್ ಕೊಟ್ಟು ಒಂದು ಸರ್ಟಿಫಿಕೇಟ್ ಕೈಗಿಟ್ಟರು. ಅದನ್ನು ಫೈಲಿಗೆ ಸೇರಿಸಿ ಮರೆತುಬಿಟ್ಟೆ.

ಅಪಘಾತದಲ್ಲಿ ಜಾಸ್ತಿ ರಕ್ತ ಹೋಗುತ್ತಿರುವವರಿಗೆ ಒಂದು ಔಷಧ ಕೊಟ್ಟರೆ ಜೀವ ಉಳಿಯುತ್ತದಾ ಅಂತ ನೋಡುವ ಪ್ರಯೋಗ ಅದು. ಅರ್ಧ ಜನಕ್ಕೆ ಔಷಧ, ಇನ್ನರ್ಧ ಜನಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಪ್ಲಸೀಬೊ; ಎರಡೂ ನಂಬರ್ ಹಾಕಿದ ಪ್ಯಾಕೆಟ್‌ನಲ್ಲಿ. ಯಾರಿಗೆ ಯಾವುದು ಹೋಯಿತು ಅಂತ ನಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಷರತ್ತು ಒಂದೇ: ಪೆಟ್ಟಾಗಿ 3 ಗಂಟೆಯೊಳಗಿನ ರೋಗಿ ಆಗಿರಬೇಕು. ಆ 3 ಗಂಟೆ ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ಫಾರ್ಮಿನಲ್ಲಿ ಎರಡು ಚೌಕಗಳಿದ್ದವು. ಒಂದು "ಪೆಟ್ಟಾದ ಸಮಯ", ಅದರ ಕೆಳಗೆ "ಆಸ್ಪತ್ರೆಗೆ ಬಂದ ಸಮಯ". ಎರಡನೆಯದು ಸುಲಭ, ಕ್ಯಾಶುವಾಲ್ಟಿ ಚೀಟಿಯಲ್ಲೇ ಇರುತ್ತದೆ. ಮೊದಲನೆಯದನ್ನು ಯಾರನ್ನು ಕೇಳುತ್ತೀರಿ? ರೋಗಿಗೆ ಪ್ರಜ್ಞೆ ಇಲ್ಲ. ಜೊತೆಗೆ ಬಂದವರು ದಾರಿಯಲ್ಲಿ ಹೋಗುತ್ತಿದ್ದವರು, ಹೆಸರೂ ಗೊತ್ತಿಲ್ಲ. ಆಂಬುಲೆನ್ಸಿನವರು ಮುಂದಿನ ಕಾಲ್‌ಗೆ ಹೊರಟುಹೋಗಿರುತ್ತಾರೆ. ಮನೆಯವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಈಗಷ್ಟೇ". ಆದರೆ ಫಾರ್ಮ್ ತುಂಬುವ ಟ್ಯಾಬ್ಲೆಟ್ ಕಂಪ್ಯೂಟರು ಆ ಚೌಕ ಖಾಲಿ ಇದ್ದರೆ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಈ ಕಡೆ ಡಾಕ್ಟರು "ಆಯ್ತಾ, ಪ್ಯಾಕೆಟ್ ನಂಬರ್ ಕೊಡು" ಅಂತ ಕೂಗುತ್ತಿರುತ್ತಾರೆ. ನಾನು ಬಂದ ಸಮಯದಿಂದ ಒಂದು ಗಂಟೆ ಹಿಂದಕ್ಕೆ ಹೋಗಿ ಬರೆಯುತ್ತಿದ್ದೆ. 10:20ಕ್ಕೆ ಬಂದರೆ 9:20. ಹತ್ತಿರದವರು ಅನ್ನಿಸಿದರೆ ಅರ್ಧ ಗಂಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಸೋಮಾರಿ ಆಗಿರಲಿಲ್ಲ. ಸುಳ್ಳು ಬರೆಯುತ್ತಿದ್ದೇನೆ ಅಂತಲೂ ಅನ್ನಿಸುತ್ತಿರಲಿಲ್ಲ. ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದವರಿಗೆ ಅಂದಾಜು ಅನ್ನುವುದು ರೂಢಿ. ತೂಕ ಅಂದಾಜು, ಹೋದ ರಕ್ತ ಅಂದಾಜು, ವಯಸ್ಸೂ ಅಂದಾಜು. ಅಂದಾಜು ಮಾಡಲು ಬರದವರನ್ನು ಅಲ್ಲಿ ಹೊಸಬರು ಅಂತ ನೋಡುತ್ತಾರೆ. ಆ ಚೌಕದ ಪಕ್ಕದಲ್ಲೇ ಒಂದು ಸಣ್ಣ ಗುಂಡಿ ಇತ್ತು: "ಅಂದಾಜು. ಯಾರು ಹೇಳಿದರು?" ಅದನ್ನು ಒತ್ತಿ "ಅಣ್ಣ ಹೇಳಿದ್ದು, ಖಚಿತವಿಲ್ಲ" ಅಂತ ಬರೆದಿದ್ದರೆ ಎಲ್ಲವೂ ಸರಿ ಇರುತ್ತಿತ್ತು. ಗೊತ್ತಿಲ್ಲದಿದ್ದನ್ನು ಗೊತ್ತಿಲ್ಲ ಅಂತ ಬರೆಯಲು ಜಾಗ ಇಟ್ಟಿದ್ದರು. ನಾನು ಆ ಗುಂಡಿಯನ್ನು ಒಂದು ಸಲವೂ ಮುಟ್ಟಲಿಲ್ಲ. ಅದನ್ನು ಒತ್ತಿದರೆ ನನಗೆ ಕೆಲಸ ಬರುವುದಿಲ್ಲ ಅಂತ ಕಾಣುತ್ತದೆ ಅನ್ನುವ ಭಯ. ನನ್ನ ಫಾರ್ಮುಗಳು ಎಷ್ಟು ನೀಟಾಗಿದ್ದವೆಂದರೆ ಮೀಟಿಂಗಿನಲ್ಲಿ ಹೊಗಳಿದ್ದರು.

ಒಂದು ರಾತ್ರಿ ಎತ್ತರದಿಂದ ಬಿದ್ದ ಒಬ್ಬರು ಬಂದರು. ಸೊಂಟದ ಮೂಳೆ ಮುರಿದಿತ್ತು, ಬಿಪಿ ಸಿಗುತ್ತಿರಲಿಲ್ಲ. ಬೇರೆ ಆಸ್ಪತ್ರೆಯಿಂದ ಕಳಿಸಿದ್ದರು. ಬಂದಿದ್ದು 10:20. ನಾನು 9:20 ಅಂತ ಹಾಕಿದೆ. ಪ್ಯಾಕೆಟ್ ತೆಗೆದೆವು, ಡ್ರಿಪ್ ಹೋಯಿತು, ರಕ್ತ ಕೊಟ್ಟರು, ಆಪರೇಷನ್ ಆಯಿತು. ಬದುಕಿದರು.

ಇಲ್ಲಿ ಒಪ್ಪಿಗೆಯ ವಿಷಯ ಹೇಳಬೇಕು, ನಿಮ್ಮನ್ನೂ ಇದೇ ಜಾಸ್ತಿ ಕಾಡುತ್ತದೆ. ಪ್ರಜ್ಞೆ ಇಲ್ಲದವರನ್ನು ಪ್ರಯೋಗಕ್ಕೆ ಸೇರಿಸುವಾಗ ಮೊದಲು ಒಪ್ಪಿಗೆ ಕೇಳಲು ಆಗುವುದಿಲ್ಲ. ಮನೆಯವರು ಇದ್ದರೂ ಅವರಿಗೆ ಆ ಹೊತ್ತಿನಲ್ಲಿ ಏನೂ ಕಿವಿಗೆ ಬೀಳುವುದಿಲ್ಲ. ಕಾಗದ ಮುಂದಿಟ್ಟರೆ ಸಹಿ ಹಾಕುತ್ತಾರೆ, ಆದರೆ ಆ ಸಹಿಗೆ ಅರ್ಥ ಇರುವುದಿಲ್ಲ. ಅದಕ್ಕೇ ಕೆಲವು ಪ್ರಯೋಗಗಳಲ್ಲಿ, ರೋಗಿಗಳಿಗೆ ಅನ್ಯಾಯ ಆಗದ ಹಾಗೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿ ಮೊದಲೇ ಅನುಮತಿ ಕೊಟ್ಟಿರುತ್ತದೆ: ಈಗ ಚಿಕಿತ್ಸೆ ಕೊಡಿ, ಎಚ್ಚರವಾದ ಮೇಲೆ ಅವರನ್ನೇ ಕೇಳಿ, ಬೇಡ ಅಂದರೆ ಅಲ್ಲಿಗೇ ಬಿಡಿ. ನಮ್ಮದು ಹಾಗಿತ್ತು. ಆರನೇ ದಿನ ನಾನು ಕಾಗದ ಹಿಡಿದು ಅವರ ಮಂಚದ ಪಕ್ಕ ಕೂತೆ. ಒಂದೊಂದೇ ಸಾಲು ಓದಿ ಹೇಳಿದೆ. ಅವರು ಒಪ್ಪಿದರು, ಸಹಿ ಹಾಕಿದರು. ಆಮೇಲೆ ಮಾತಿಗೆ ಮಾತು ಸೇರಿಸುತ್ತಾ ಅಂದರು: "ನಾನು ಬಿದ್ದಾಗ ಇನ್ನೂ ಬೆಳಕಿತ್ತು, ಸಿಸ್ಟರ್. ಕತ್ತಲಾದ ಮೇಲೆ ಯಾರೋ ನೋಡಿದರು."

ಬೆಳಕಿತ್ತು. ನಾನು ಬರೆದಿದ್ದು 9:20.

ಅಲ್ಲೇ ಎದ್ದು ಹೋಗಿ ಡಾಕ್ಟರಿಗೆ ಹೇಳಬೇಕಿತ್ತು. ಹೇಳಿದ್ದರೆ "ನಿಯಮ ಮೀರಿ ಒಬ್ಬರು ಸೇರಿದ್ದಾರೆ" ಅಂತ ಒಂದು ವರದಿ ಹೋಗುತ್ತಿತ್ತು. ಅಂಥ ವರದಿ ಎಲ್ಲ ಪ್ರಯೋಗದಲ್ಲೂ ಹೋಗುತ್ತಲೇ ಇರುತ್ತದೆ, ಅದಕ್ಕೆ ಯಾರ ಕೆಲಸವೂ ಹೋಗುವುದಿಲ್ಲ. ಆದರೆ ಈ ಒಂದನ್ನು ತಿದ್ದಿದರೆ ಉಳಿದವುಗಳ ಬಗ್ಗೆ ಕೇಳುತ್ತಾರಲ್ಲ ಅಂತ ಹೊಟ್ಟೆಯೊಳಗೆ ತಣ್ಣಗಾಯಿತು. ಮನುಷ್ಯ ಬದುಕಿದ್ದಾರೆ, ಸಮಯದ್ದೇನು ದೊಡ್ಡ ವಿಷಯ ಅಂತ ನನಗೆ ನಾನೇ ಹೇಳಿಕೊಂಡೆ.

ಎರಡು ತಿಂಗಳಾದ ಮೇಲೆ ದಾಖಲೆ ಪರಿಶೀಲಿಸುವವರು ಬಂದರು. ಮೆತ್ತಗೆ ಮಾತಾಡುವ ಹೆಂಗಸು. ಕೇಸ್ ಶೀಟಿನ ಹಿಂದೆ ಪಿನ್ ಮಾಡಿದ್ದ ರೆಫರಲ್ ಚೀಟಿ ತೆಗೆದು ನನ್ನ ಮುಂದೆ ಇಟ್ಟರು. ಮೊದಲ ಆಸ್ಪತ್ರೆಯವರು ಅದರಲ್ಲಿ ಸಮಯ ಬರೆದಿದ್ದರು: ರಾತ್ರಿ 7:40. "ಇವರು ಬೀಳುವ ಮೊದಲೇ ಇವರನ್ನು ರೆಫರ್ ಮಾಡಿಬಿಟ್ಟಿದ್ದಾರಲ್ಲ?" ಅಂದರು. ಗದರಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ನಾನು ತುಂಬಿದ 41 ಫಾರ್ಮುಗಳ ಪ್ರಿಂಟುಗಳನ್ನೂ ಸಾಲಾಗಿ ಹರಡಿದರು. ಹೆಚ್ಚಿನವುಗಳಲ್ಲಿ ಪೆಟ್ಟಾದ ಸಮಯಕ್ಕೂ ಬಂದ ಸಮಯಕ್ಕೂ ಸರಿಯಾಗಿ ಒಂದು ಗಂಟೆ, ಇಲ್ಲವೇ ಸರಿಯಾಗಿ ಅರ್ಧ ಗಂಟೆ ವ್ಯತ್ಯಾಸ. ಜನ ಅಷ್ಟು ಲೆಕ್ಕ ಹಾಕಿಕೊಂಡು ಗಾಯ ಮಾಡಿಕೊಳ್ಳುವುದಿಲ್ಲ.

ನಮ್ಮ ಘಟಕದಲ್ಲಿ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿದರು. ಎಥಿಕ್ಸ್ ಕಮಿಟಿಗೆ ಪತ್ರ ಹೋಯಿತು. 41 ಜನರ ಮನೆಯವರಿಗೆ ಮತ್ತೆ ಫೋನ್ ಮಾಡಿ ಕೇಳಬೇಕಾಯಿತು. ಅವರಲ್ಲಿ ಕೆಲವರು ತೀರಿಕೊಂಡವರ ಮನೆಯವರು. ಆ ಫೋನುಗಳನ್ನು ನಾನೇ ಮಾಡಿದೆ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು. ನನ್ನನ್ನು ನಂಬಿ ಪ್ರತಿ ಪುಟಕ್ಕೂ ಸಹಿ ಹಾಕಿದ್ದ ಡಾಕ್ಟರು ನನಗೆ ಒಂದು ಮಾತೂ ಅನ್ನಲಿಲ್ಲ. ಆಮೇಲೆ ಅವರು ನನ್ನೊಡನೆ ಮಾತಾಡಿದ್ದೇ ಕಡಿಮೆ.

ಆ 3 ಗಂಟೆ ಎಲ್ಲಿಂದ ಬಂತು ಅಂತ ನಾನು ಓದಿದ್ದು ಇದೆಲ್ಲ ಆದ ಮೇಲೆ. ಕ್ರ್ಯಾಶ್-2 ಅಂತ ಒಂದು ದೊಡ್ಡ ಪ್ರಯೋಗ ನಡೆದಿತ್ತು. 40 ದೇಶಗಳ 274 ಆಸ್ಪತ್ರೆಗಳು, 20,211 ಗಾಯಾಳುಗಳು. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ, ರಕ್ತ ಹೋಗುವುದನ್ನು ತಡೆಯುವ ಹಳೆಯ ಔಷಧ, ಮೊದಲು 1 ಗ್ರಾಂ 10 ನಿಮಿಷದಲ್ಲಿ, ಆಮೇಲೆ ಇನ್ನೊಂದು ಗ್ರಾಂ 8 ಗಂಟೆಯಲ್ಲಿ. 2010ರಲ್ಲಿ ಫಲಿತಾಂಶ ಬಂತು: ಪ್ಲಸೀಬೊ ಪಡೆದವರಲ್ಲಿ ಶೇ. 16 ಜನ ಸತ್ತಿದ್ದರೆ, ಔಷಧ ಪಡೆದವರಲ್ಲಿ ಶೇ. 14.5. ಅಷ್ಟಕ್ಕೇ ನಿಂತಿದ್ದರೆ "ಎಲ್ಲರಿಗೂ ಕೊಡಿ" ಅಂತ ಆಗುತ್ತಿತ್ತು. ಮರು ವರ್ಷ ಅದೇ ಅಂಕಿಗಳನ್ನು ಪೆಟ್ಟಾಗಿ ಎಷ್ಟು ಹೊತ್ತಿಗೆ ಔಷಧ ಹೋಯಿತು ಅಂತ ಬಿಡಿಸಿ ನೋಡಿದರು. ಒಂದು ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದಿಂದ ಸತ್ತವರು ಶೇ. 5.3, ಪ್ಲಸೀಬೊ ಕಡೆ 7.7. ಮೂರು ಗಂಟೆ ದಾಟಿದ ಮೇಲೆ ಕೊಟ್ಟಾಗ ಲೆಕ್ಕ ತಿರುಗುಮುರುಗು: ಔಷಧ ಕೊಟ್ಟವರಲ್ಲಿ ಶೇ. 4.4, ಕೊಡದವರಲ್ಲಿ 3.1. ಅದೇ ಔಷಧ, ಬೇಗ ಕೊಟ್ಟರೆ ಉಳಿಸುತ್ತದೆ, ತಡವಾದರೆ ಕೆಡುಕು ಮಾಡಬಹುದು.

ಇದು ಗೊತ್ತಾಗಿದ್ದು ಯಾವ ಯಂತ್ರದಿಂದಲೂ ಅಲ್ಲ. ಆ 274 ಆಸ್ಪತ್ರೆಗಳಲ್ಲಿ ಯಾರೋ "ಪೆಟ್ಟಾದಾಗ ಎಷ್ಟು ಗಂಟೆ?" ಅಂತ ಕೇಳಿ ಬರೆದುಕೊಂಡಿದ್ದರಿಂದ. ಅವರೆಲ್ಲ ನನ್ನ ಹಾಗೆ ಒಂದು ಗಂಟೆ ಹಿಂದಕ್ಕೆ ಹೋಗಿ ಬರೆದಿದ್ದರೆ ಆ 3 ಗಂಟೆಯ ಗೆರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನ್ನ ಆ ರೋಗಿಗೆ ಹೋಗಿದ್ದು ಔಷಧವೋ ಪ್ಲಸೀಬೊವೋ ನನಗೆ ಇವತ್ತಿಗೂ ಗೊತ್ತಿಲ್ಲ. ಔಷಧವೇ ಆಗಿದ್ದರೆ, ನಾಲ್ಕು ಗಂಟೆ ದಾಟಿದ ಮೇಲೆ ಹೋಗಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಪೇಪರ್ ಕೆಲಸವೋ, ರೋಗಿಯ ಪಕ್ಕವೋ" ಅಂತ ಎರಡು ಮಾಡಿದ್ದೀರಲ್ಲ, ಅದನ್ನೇ ನಾನು ಒಪ್ಪುವುದಿಲ್ಲ. ಟ್ರಾಮಾದಲ್ಲಿ ಆ ಪೇಪರ್ ಹುಟ್ಟುವುದೇ ರೋಗಿಯ ಪಕ್ಕದಲ್ಲಿ, ರಾತ್ರಿ ಎರಡು ಗಂಟೆಗೆ, ಕೈಯಲ್ಲಿ ರಕ್ತ ಇರುವಾಗ. ಆರಾಮಕ್ಕೆ ಅಂತ ಹೋಗುವುದಾದರೆ ದಯವಿಟ್ಟು ಬೇಡ. ನನ್ನ ಹಾಗೆ ಬೆನ್ನುನೋವಿದ್ದರೆ ಅದಕ್ಕೆ ಬೇರೆ ದಾರಿ ಹುಡುಕಿ.

ಕೆಲವರು ನಿಮಗೆ "ರಿಸರ್ಚ್ ಎಲ್ಲ ಸುಮ್ನೆ, ಏನು ಕೊಡಬೇಕು ಅಂತ ನಮಗೆ ಗೊತ್ತಿಲ್ವಾ" ಅಂತಲೂ ಹೇಳುತ್ತಾರೆ. ಅವರಿಗೆ ತಲೆಗೆ ಪೆಟ್ಟಾದವರ ಸ್ಟಿರಾಯ್ಡ್ ಕಥೆ ಹೇಳಿ. ಮಿದುಳಿನ ಊತ ಇಳಿಯುತ್ತದೆ ಅಂತ ದಶಕಗಳ ಕಾಲ ಕೊಟ್ಟರು. ಕ್ರ್ಯಾಶ್ ಅನ್ನುವ ಮೊದಲ ಪ್ರಯೋಗದಲ್ಲಿ 10,008 ಜನರನ್ನು ನೋಡಿ 2004ರಲ್ಲಿ ಲೆಕ್ಕ ಹಾಕಿದರು. ಎರಡು ವಾರದೊಳಗೆ ಸ್ಟಿರಾಯ್ಡ್ ಪಡೆದವರಲ್ಲಿ ಶೇ. 21.1 ಜನ ಸತ್ತಿದ್ದರು, ಪಡೆಯದವರಲ್ಲಿ ಶೇ. 17.9. ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಿದ್ದರು, ನೆನಪಿರಲಿ.

ಟ್ರಾಮಾ ಕೋರ್ಸ್ ಬಗ್ಗೆ ನನ್ನದು ಚಿಕ್ಕ ಉತ್ತರ: ಮಾಡಿ. ಯಾವ ಕೆಲಸಕ್ಕೆ ಹೋದರೂ ಮಾಡಿ. ಡಾಕ್ಟರುಗಳು ಮಾಡುವ ಎಟಿಎಲ್ಎಸ್ ಅನ್ನುವ ಟ್ರಾಮಾ ಕೋರ್ಸ್ ಹುಟ್ಟಿದ್ದು ಹೇಗೆ ಅಂತ ಕೇಳಿದ್ದೀರಾ? 1976ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಜೇಮ್ಸ್ ಸ್ಟೈನರ್ ಅನ್ನುವ ಮೂಳೆ ಡಾಕ್ಟರು ಓಡಿಸುತ್ತಿದ್ದ ಸಣ್ಣ ವಿಮಾನ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ಗಾಯ. ಹತ್ತಿರದ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ನೋಡಿ ಅವರು ಸುಮ್ಮನಿರಲಿಲ್ಲ. ಎರಡು ವರ್ಷದಲ್ಲಿ ಮೊದಲ ಕೋರ್ಸ್ ನಡೆಯಿತು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ ಅನ್ನುವ ಕ್ರಮ ಆ ಕೋರ್ಸಿನಿಂದ ಟ್ರಾಮಾದವರೆಲ್ಲರ ಬಾಯಿಗೂ ಬಂತು. ಆ ಕ್ರಮ ಗೊತ್ತಿಲ್ಲದ ರಿಸರ್ಚ್ ನರ್ಸ್ ಆ ಕೋಣೆಯಲ್ಲಿ ಎಲ್ಲರ ಕಾಲಿಗೆ ಅಡ್ಡ ಸಿಗುತ್ತಾರೆ. ಫಾರ್ಮ್ ಹಿಡಿದು ಯಾವಾಗ ಬಾಯಿ ಬಿಡಬೇಕು ಅಂತಲೇ ತಿಳಿಯುವುದಿಲ್ಲ.

ಹೋಗುವುದೇ ಆದರೆ ಒಂದು ಮಾತು ಬರವಣಿಗೆಯಲ್ಲಿ ತೆಗೆದುಕೊಳ್ಳಿ: ರಿಸರ್ಚ್ ಡ್ಯೂಟಿ ಇರುವ ದಿನ ನಿಮ್ಮ ತಲೆ ಮೇಲೆ ಬೆಡ್ ಇರಬಾರದು. "ಇದ್ದೀಯಲ್ಲ, ಆ ಎರಡು ಬೆಡ್ ನೋಡ್ಕೋ" ಅನ್ನುವಲ್ಲಿಂದ ಶುರುವಾಗುತ್ತದೆ. ಬರೆದುಕೊಡುವುದಿಲ್ಲ ಅಂದರೆ ಹೋಗಬೇಡಿ. ಅದು ರಿಸರ್ಚ್ ನರ್ಸ್ ಕೆಲಸ ಅಲ್ಲ, ಎರಡು ಕೆಲಸಕ್ಕೆ ಒಂದು ಸಂಬಳ.

ಇನ್ನೊಂದು, ಇದಕ್ಕೆ ತುಂಬಾ ಜನ ನನ್ನ ಜೊತೆ ಜಗಳ ಆಡುತ್ತಾರೆ. ಗಾಯಾಳು ಬಂದಾಗ ತಂಡದಲ್ಲಿ ಒಬ್ಬರು ಉಸಿರು ನೋಡುತ್ತಾರೆ, ಒಬ್ಬರು ಡ್ರಿಪ್ಪು, ಒಬ್ಬರು ಕೈ ಕಟ್ಟಿ ನಿಂತು ಎಲ್ಲರನ್ನೂ ನಡೆಸುತ್ತಾರೆ, ಒಬ್ಬರು ಬರೆಯುತ್ತಾರೆ. ಬರೆಯುವ ಕೆಲಸವನ್ನು ಯಾವಾಗಲೂ ಹೊಸ ಹುಡುಗಿಗೋ ಹುಡುಗನಿಗೋ ಕೊಡುತ್ತಾರೆ, ಬೇರೇನೂ ಬರುವುದಿಲ್ಲ ಅಂತ. ನನ್ನ ಪ್ರಕಾರ ಅದು ಅನುಭವ ಇರುವವರ ಜಾಗ. "ಸರ್, ಮೊದಲ ರಕ್ತದ ಚೀಲ ಶುರುವಾಗಿದ್ದು ಎಷ್ಟು ಗಂಟೆಗೆ?" ಅಂತ ಗಲಾಟೆ ನಡುವೆ ಜೋರಾಗಿ ಕೇಳಲು ಹೊಸಬರಿಗೆ ಧೈರ್ಯ ಇರುವುದಿಲ್ಲ. ಈಗ ನಾನು ನಮ್ಮ ಘಟಕದಲ್ಲಿ ಕೇಳಿ ಪಡೆದು ಅದನ್ನೇ ಮಾಡುತ್ತೇನೆ. ಬೆನ್ನಿಗೂ ಒಳ್ಳೆಯದು. ಮನೆಯವರನ್ನು "ಎಷ್ಟು ಗಂಟೆಗೆ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. "ಆಗ ಬೆಳಕಿತ್ತಾ? ನಿಮಗೆ ಮೊದಲ ಫೋನ್ ಬಂದಿದ್ದು ಯಾವಾಗ, ಮೊಬೈಲ್ ತೆಗೆದು ನೋಡಿ ಹೇಳ್ತೀರಾ?" ಅಂತ ಕೇಳುತ್ತೇನೆ. ಹೇಳಿದವರು ಯಾರು ಅಂತಲೂ ಬರೆಯುತ್ತೇನೆ.

ರಿಸರ್ಚಿಗೆ ಕರೆಯುತ್ತಿರುವವರಿಗೆ ಹೂಂ ಅನ್ನುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಡ್ಯೂಟಿಯಲ್ಲಿ ಗೋಡೆ ಗಡಿಯಾರ, ಮಾನಿಟರ್ ಪರದೆಯ ಗಡಿಯಾರ, ಕ್ಯಾಶುವಾಲ್ಟಿ ಚೀಟಿ ಮುದ್ರಿಸುವ ಕಂಪ್ಯೂಟರ್ ಗಡಿಯಾರ ಮೂರನ್ನೂ ಒಟ್ಟಿಗೆ ನೋಡಿ. ನಮ್ಮಲ್ಲಿ 7 ನಿಮಿಷ ವ್ಯತ್ಯಾಸ ಇತ್ತು. ಎಷ್ಟು ವರ್ಷದಿಂದ ಇತ್ತೋ, ಯಾರಿಗೂ ಗೊತ್ತಿರಲಿಲ್ಲ.