ದಸರಾ ಕಳೆಯುತ್ತಿದ್ದಂತೆ ನಾಯಿಗೆ ಹತ್ತುವ ನವೆ

ಮಳೆ ಹಿಂದೆ ಸರಿದು ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಬೆಳ್ಳಗೆ ಹೂ ಬಿಡುವ ಹೊತ್ತಿಗೆ ನನಗೆ ಬರುವ ಪತ್ರಗಳೆಲ್ಲ ಒಂದೇ ಕೈ ಬರೆದಂತೆ ಇರುತ್ತವೆ. ನಾಯಿ ಕೆರೆದುಕೊಳ್ಳುತ್ತಿದೆ, ಏನು ಹಚ್ಚಲಿ? ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪಶುವೈದ್ಯೆಯಾಗಿರುವ ನನಗೆ ‘ಏನು ಹಚ್ಚಲಿ’ ಎಂಬ ಮಾತು ಕೇಳಿದರೇ ಸಿಟ್ಟು ಬರುತ್ತದೆ. ಕೇಳಿದವರ ಮೇಲಲ್ಲ. ಅವರು ಪತ್ರ ಬರೆಯುವ ಮೊದಲೇ ಆ ನಾಯಿಗೆ ಏನೇನೋ ಹಚ್ಚಿಸಿ, ಚುಚ್ಚಿಸಿ ಮುಗಿಸಿರುವ ಸಲಹೆಗಾರರ ಮೇಲೆ. ಈ ಸಲ ಒಂದು ಪತ್ರಕ್ಕೆ ಉದ್ದವಾಗಿ ಉತ್ತರಿಸುತ್ತೇನೆ, ಯಾಕೆಂದರೆ ದಿನಾ ನನ್ನ ಮೇಜಿನ ಮುಂದೆ ಬರುವ ತಪ್ಪುಗಳೆಲ್ಲ ಅದೊಂದರಲ್ಲೇ ಇವೆ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: ನಮ್ಮ ಬ್ರೂನೋ ನಾಲ್ಕು ವರ್ಷದ ಲ್ಯಾಬ್ರಡಾರ್. ಎರಡನೇ ವರ್ಷದಿಂದ ಪ್ರತಿ ಸೆಪ್ಟೆಂಬರ್ ಕೊನೆಗೆ ಪಾದ ನೆಕ್ಕಲು ಶುರುಮಾಡುತ್ತಾನೆ. ಮುಖವನ್ನು ಸೋಫಾಕ್ಕೆ ಉಜ್ಜುತ್ತಾನೆ, ಹೊಟ್ಟೆಯಡಿ ಕೆಂಪಾಗುತ್ತದೆ. ಡಿಸೆಂಬರ್ ಮುಗಿಯುವಾಗ ತಾನೇ ಕಡಿಮೆಯಾಗುತ್ತದೆ. ಪರಿಚಯದವರೊಬ್ಬರು ಮನೆಗೇ ಬಂದು ಅಲರ್ಜಿ ಇಂಜೆಕ್ಷನ್ ಹಾಕುತ್ತಾರೆ. ಮೊದಲ ಸಲ ಎರಡು ತಿಂಗಳು ಆರಾಮವಾಗಿದ್ದ, ಹೋದ ವರ್ಷ ಒಂದು ತಿಂಗಳು, ಈ ಸಲ ಹತ್ತೇ ದಿನ. ಈಗ ಮೈ ವಾಸನೆ ಬರುತ್ತಿದೆ, ನೀರು ಬಹಳ ಕುಡಿಯುತ್ತಾನೆ. ಇನ್ನೊಂದು ಇಂಜೆಕ್ಷನ್ ಹಾಕಿಸಬಹುದೇ? ಮನೆಯಲ್ಲೇ ತಂಪಾಗುವಂಥದ್ದು ಏನಾದರೂ ಹಚ್ಚಬಹುದೇ? – ಯಲಹಂಕದ ಓದುಗರು

ಉತ್ತರ: ಹಾಕಿಸಬೇಡಿ. ಇದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ಆ ಸೀಸೆಯ ಮೇಲಿನ ಹೆಸರನ್ನು ಒಮ್ಮೆಯಾದರೂ ಓದಿದ್ದೀರಾ? ಒಂದೇ ಸಲ ಚುಚ್ಚಿದ್ದು ತಿಂಗಳುಗಟ್ಟಲೆ ನವೆ ತಡೆಯಿತು, ಜೊತೆಗೆ ನಾಯಿ ಬಕೆಟ್ಟುಗಟ್ಟಲೆ ನೀರು ಕುಡಿಯತೊಡಗಿತು ಎಂದರೆ ಅದು ಬಹುಮಟ್ಟಿಗೆ ದೀರ್ಘಕಾಲ ಕೆಲಸ ಮಾಡುವ ಸ್ಟಿರಾಯ್ಡ್. ಬಾಯಾರಿಕೆ, ಪದೇ ಪದೇ ಮೂತ್ರ, ವಿಪರೀತ ಹಸಿವು, ಸುಮ್ಮನೆ ಮಲಗಿದ್ದಾಗಲೂ ಏದುಸಿರು, ಇವೆಲ್ಲ ಅದರ ಗುರುತುಗಳು. ಮಾತ್ರೆಯಾದರೆ ಪ್ರಮಾಣ ಇಳಿಸುತ್ತಾ ನಿಲ್ಲಿಸಬಹುದು. ಇದನ್ನು ಒಳಗೆ ಬಿಟ್ಟ ಮೇಲೆ ವಾಪಸ್ ತೆಗೆಯುವ ದಾರಿಯೇ ಇಲ್ಲ. ವರ್ಷ ವರ್ಷ ಹೀಗೇ ಹಾಕಿಸುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ, ಕೂದಲು ಉದುರುತ್ತದೆ, ಹೊಟ್ಟೆ ಜೋಲುತ್ತದೆ, ಕಾಲಿನ ಸ್ನಾಯು ಸೊರಗುತ್ತದೆ. ಸ್ಟಿರಾಯ್ಡ್ ಎಂದರೆ ವಿಷ ಎನ್ನುವವಳಲ್ಲ ನಾನು. ನವೆ ತಡೆಯಲಾರದೆ ರಾತ್ರಿಯಿಡೀ ನಿದ್ದೆಗೆಟ್ಟ ನಾಯಿಗೆ ಕೆಲವು ದಿನ ಪ್ರೆಡ್ನಿಸೊಲೋನ್ ಮಾತ್ರೆ ನಾನೂ ಬರೆಯುತ್ತೇನೆ. ಆದರೆ ಪರೀಕ್ಷೆ ಮಾಡಿ, ಇಷ್ಟು ದಿನ ಎಂದು ಲೆಕ್ಕ ಹಾಕಿ ಬರೆಯುತ್ತೇನೆ. ಕಾರಣ ಹುಡುಕದೆ ಬಾಗಿಲಲ್ಲೇ ನಿಂತು ಚುಚ್ಚಿ ಹೋಗುವುದಕ್ಕೆ ಚಿಕಿತ್ಸೆ ಎನ್ನುವುದಿಲ್ಲ.

ಎರಡು ತಿಂಗಳು ಹತ್ತು ದಿನಕ್ಕೆ ಯಾಕೆ ಇಳಿಯಿತು? ‘ಮೈಗೆ ಔಷಧ ರೂಢಿಯಾಗಿದೆ, ಡೋಸ್ ಜಾಸ್ತಿ ಮಾಡಬೇಕು’ ಎಂದು ನಿಮಗೆ ಯಾರಾದರೂ ಹೇಳಿರಬಹುದು. ನಿಮ್ಮ ಪತ್ರದಲ್ಲಿ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇದೆ: ವಾಸನೆ. ಬರೀ ಅಲರ್ಜಿಯಾದ ಚರ್ಮ ನಾರುವುದಿಲ್ಲ. ನಾರುತ್ತಿದೆ ಎಂದರೆ ಅಲರ್ಜಿಯ ಮೇಲೆ ಸೋಂಕು ಕೂತಿದೆ. ನಾಯಿಯ ಚರ್ಮದ ಮೇಲೆ ಸಾಮಾನ್ಯವಾಗಿ ತೊಂದರೆ ಕೊಡದೆ ಇರುವ ಬ್ಯಾಕ್ಟೀರಿಯಾ ಮತ್ತು ಮಲಸೇಜಿಯಾ ಎಂಬ ಯೀಸ್ಟ್, ನೆಕ್ಕಿ ನೆಕ್ಕಿ ಒದ್ದೆಯಾದ ಬೆರಳ ಸಂದು, ಕಂಕುಳು, ತೊಡೆಸಂದು, ಕಿವಿಗಳಲ್ಲಿ ಬೆಳೆದುಬಿಡುತ್ತವೆ. ಸ್ಟಿರಾಯ್ಡ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಅವುಗಳಿಗೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಈ ಸೋಂಕು ತಾನೇ ಬೇರೆ ನವೆ ಎಬ್ಬಿಸುತ್ತದೆ, ಆ ನವೆಯನ್ನು ಸ್ಟಿರಾಯ್ಡ್ ಇಳಿಸಲಾರದು. ಆದ್ದರಿಂದ ಮೊದಲು ಆಗಬೇಕಾದ್ದು ಒಂದು ಸಣ್ಣ ಪರೀಕ್ಷೆ. ಪಾರದರ್ಶಕ ಟೇಪನ್ನು ಚರ್ಮಕ್ಕೆ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಹತ್ತು ನಿಮಿಷದ ಕೆಲಸ. ನಿಮ್ಮ ವೈದ್ಯರು ಮಾಡದಿದ್ದರೆ ಕೇಳಿ ಮಾಡಿಸಿಕೊಳ್ಳಿ, ಸಂಕೋಚಪಡಬೇಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ದೂರವೇನಲ್ಲ.

ಆಮೇಲೆ ಚಿಗಟ. ‘ನಮ್ಮ ನಾಯಿಗೆ ಚಿಗಟ ಇಲ್ಲ ಡಾಕ್ಟ್ರೇ’ ಎಂದು ನೊಂದುಕೊಂಡು ಹೇಳುವವರನ್ನು ನಾನು ನಂಬುವುದಿಲ್ಲ, ಬೇಸರ ಮಾಡಿಕೊಳ್ಳಬಾರದು. ಚಿಗಟದ ಎಂಜಲಿಗೆ ಅಲರ್ಜಿಯಿರುವ ನಾಯಿಗೆ ನಾಲ್ಕೈದು ಕಡಿತ ಸಾಕು, ಕಚ್ಚಿದ್ದನ್ನು ಅದು ಆಗಲೇ ಹಲ್ಲಿನಿಂದ ಕಿತ್ತು ನುಂಗಿರುತ್ತದೆ. ನಿಮ್ಮ ಕಣ್ಣಿಗೆ ಬೀಳುವುದು ಹೇಗೆ? ಕೆರೆತ ಸೊಂಟದ ಮೇಲೆ, ಬಾಲದ ಬುಡದಲ್ಲಿ ಹೆಚ್ಚಿದ್ದರೆ ಚಿಗಟವನ್ನೇ ಮೊದಲು ಅನುಮಾನಿಸುತ್ತೇನೆ. ಬ್ರೂನೋನ ಕೆರೆತ ಪಾದ, ಮುಖ, ಹೊಟ್ಟೆಯಡಿಯಲ್ಲಿದೆ. ಅದು ವಾತಾವರಣದ ಅಲರ್ಜಿಯ ಜಾಗ. ಶುರುವಾದ ವಯಸ್ಸೂ ಹೊಂದುತ್ತದೆ, ಇದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುವ ಕಾಯಿಲೆ. ಲ್ಯಾಬ್, ಗೋಲ್ಡನ್, ಪಗ್, ಶಿಟ್ಜುಗಳಲ್ಲಿ ಹೆಚ್ಚು. ಆದರೂ ಚಿಗಟದ ಚಿಕಿತ್ಸೆಯನ್ನು ಬಿಡುವಂತಿಲ್ಲ. ಇದು ಅಲರ್ಜಿಯೇ ಎಂದು ಒಂದೇ ಏಟಿಗೆ ಹೇಳುವ ರಕ್ತಪರೀಕ್ಷೆ ಇಲ್ಲ. ಉಳಿದವನ್ನು ಒಂದೊಂದಾಗಿ ಕಳೆದು ಕೊನೆಗೆ ಉಳಿಯುವುದೇ ಅಲರ್ಜಿ. ಚಿಗಟದ ಔಷಧವನ್ನು ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ ಕನಿಷ್ಠ ಮೂರು ತಿಂಗಳು ತಪ್ಪದೆ ಕೊಡಬೇಕು, ಯಾಕೆಂದರೆ ನಾಯಿಯ ಮೈಮೇಲಿರುವ ಚಿಗಟ ಸ್ವಲ್ಪವೇ. ಅದರ ಮೊಟ್ಟೆ, ಮರಿ, ಗೂಡುಗಳೆಲ್ಲ ನಿಮ್ಮ ಚಾಪೆ, ಸೋಫಾ, ನೆಲದ ಸಂದಿನಲ್ಲಿರುತ್ತವೆ. ಬೆಕ್ಕಿಗೆ ಬೆಕ್ಕಿನದೇ ಔಷಧ ತನ್ನಿ. ನಾಯಿಗೆಂದು ಮಾಡಿದ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುತ್ತದೆ. ಈಗ ಬರುವ ಫ್ಲುರಲಾನರ್, ಅಫಾಕ್ಸೊಲಾನರ್ ಥರದ ಜಗಿಯುವ ಮಾತ್ರೆಗಳು ಚಿಗಟ, ಉಣ್ಣಿಯ ಜೊತೆ ಕಜ್ಜಿಯ ಹುಳುವನ್ನೂ ಕೊಲ್ಲುತ್ತವೆ. ಆದರೆ ನಾಯಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಅದನ್ನು ವೈದ್ಯರಿಗೆ ಹೇಳದೆ ಕೊಡಬೇಡಿ.

ಇಷ್ಟಾದ ಮೇಲೆ ಉಳಿಯುವುದು ಋತುವಿನ ಅಲರ್ಜಿ. ಸೆಪ್ಟೆಂಬರಿನಿಂದ ಡಿಸೆಂಬರ್ ಎಂದಾಗ ನನ್ನ ಕಣ್ಣು ಮೊದಲು ಹೋಗುವುದು ಹುಲ್ಲಿನ ಮೇಲೆ, ಪಾರ್ಥೇನಿಯಂ ಅಂದರೆ ಅದೇ ಕಾಂಗ್ರೆಸ್ ಗಿಡದ ಮೇಲೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಳೆ ಇವತ್ತು ನಮ್ಮ ಪ್ರತಿ ಬಡಾವಣೆಯ ಪ್ರತಿ ಖಾಲಿ ಸೈಟಿನಲ್ಲಿದೆ. ಅದನ್ನು ತಿನ್ನಲೆಂದು ಮೆಕ್ಸಿಕೋದ ದುಂಬಿಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲೇ ತಂದು ಬಿಟ್ಟರು. ದುಂಬಿ ಉಳಿಯಿತು, ಗಿಡವೂ ಉಳಿಯಿತು. ಇದು ಹೊಲದಲ್ಲಿ ದುಡಿಯುವವರ ಕೈ, ಕತ್ತುಗಳನ್ನು ಹೇಗೆ ಸುಡುತ್ತದೆ ಎಂದು ಹಳ್ಳಿಯವರಿಗೆ ಗೊತ್ತು. ನಾಯಿಯಂತೂ ಆ ಗಿಡದ ನಡುವೆ ಬರಿಹೊಟ್ಟೆ, ಬರಿಗಾಲಲ್ಲಿ ನುಗ್ಗುತ್ತದೆ. ನಮಗೆ ಪರಾಗ ಹೆಚ್ಚಾಗಿ ಮೂಗಿನಿಂದ ಹೋಗಿ ಸೀನು ತರಿಸಿದರೆ, ನಾಯಿಗೆ ಹೆಚ್ಚಾಗಿ ಚರ್ಮದ ಮೂಲಕವೇ ಒಳಹೊಕ್ಕು ನವೆ ತರಿಸುತ್ತದೆ. ಆದ್ದರಿಂದಲೇ ಪಾದ ಮತ್ತು ಹೊಟ್ಟೆಯಡಿ. ಬೇಸಗೆಯಲ್ಲಿ ಕೆಲವರು ರಸ್ತೆಬದಿಯ ಗುಲಾಬಿ ಬಣ್ಣದ ಹೂವಿನ ಟಬೂಬಿಯಾ ಮರವನ್ನು ದೂರುತ್ತಾರೆ. ಕಣ್ಣು ಸೆಳೆಯುವ ಹೂವಿನ ಪರಾಗವನ್ನು ಜೇನ್ನೊಣ ಹೊರುತ್ತದೆ, ಅದು ಗಾಳಿಯಲ್ಲಿ ಅಷ್ಟಾಗಿ ತೇಲುವುದಿಲ್ಲ. ತೊಂದರೆ ಕೊಡುವುದು ಹೂವೇ ಇಲ್ಲವೇನೋ ಎನಿಸುವ ಹುಲ್ಲು ಮತ್ತು ಗಾಳಿಮರದಂಥವು. ಇದರ ಜೊತೆಗೆ ಮಳೆಗಾಲದ ತೇವಕ್ಕೆ ಮನೆಯ ಹಾಸಿಗೆ, ಸೋಫಾಗಳಲ್ಲಿ ಧೂಳಿನ ನುಸಿ ಹೆಚ್ಚಿರುತ್ತದೆ. ಬ್ರೂನೋ ಮುಖ ಉಜ್ಜುವುದು ಅದೇ ಸೋಫಾಕ್ಕೆ.

ಈಗ ನೀವು ಕೇಳಿದ ‘ತಂಪು’. ಹೊರಗಿನಿಂದ ಬಂದ ಕೂಡಲೇ, ಮನೆಯೊಳಗೆ ಕಾಲಿಡುವ ಮುಂಚೆ, ನಾಲ್ಕೂ ಪಾದ ಮತ್ತು ಹೊಟ್ಟೆಯಡಿಯನ್ನು ಬರೀ ನೀರಿನಲ್ಲಿ ತೊಳೆಯಿರಿ. ಬೆರಳ ಸಂದನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ. ಒರೆಸದೆ ಬಿಟ್ಟರೆ ತೊಳೆಯದಿರುವುದೇ ಮೇಲು, ಯೀಸ್ಟಿಗೆ ಬೇಕಾದ್ದು ಆ ಒದ್ದೆಯೇ. ವಾರಕ್ಕೊಮ್ಮೆ ಸ್ನಾನ ಮಾಡಿಸಿ. ‘ನಾಯಿಗೆ ತಿಂಗಳಿಗೊಂದೇ ಸ್ನಾನ’ ಎಂಬ ಮಾತು ಆರೋಗ್ಯವಾಗಿರುವ ನಾಯಿಗೆ ಸರಿ, ಅಲರ್ಜಿಯ ನಾಯಿಗಲ್ಲ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು, ಬಿಸಿನೀರು ನವೆಯನ್ನು ಕೆರಳಿಸುತ್ತದೆ. ಸೋಂಕಿರುವಾಗ ವೈದ್ಯರು ಬರೆದ ಕ್ಲೋರ್‌ಹೆಕ್ಸಿಡಿನ್ ಶಾಂಪೂ, ಸೋಂಕು ಇಳಿದ ಮೇಲೆ ಓಟ್ಸ್ ಇರುವ ಸೌಮ್ಯ ಶಾಂಪೂ. ಯಾವುದೇ ಆಗಲಿ, ಹಚ್ಚಿದ ಮೇಲೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಬಿಡಿ. ಹಚ್ಚಿದ ತಕ್ಷಣ ತೊಳೆದು ‘ಶಾಂಪೂ ಕೆಲಸ ಮಾಡಲಿಲ್ಲ’ ಎಂದು ಬರುವವರೇ ಜಾಸ್ತಿ. ರಾತ್ರಿ ನವೆ ಏರಿದರೆ ಒದ್ದೆ ಹತ್ತಿಬಟ್ಟೆಯನ್ನು ಕೆಂಪಾದ ಜಾಗದ ಮೇಲೆ ಐದು ನಿಮಿಷ ಇಟ್ಟು, ಆಮೇಲೆ ಒಣಗಿಸಿ. ನಾಯಿ ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವಷ್ಟು ಬಿಸಿನೀರಲ್ಲಿ ಒಗೆಯಿರಿ. ಖಾಲಿ ಸೈಟು ಬಿಟ್ಟು ರಸ್ತೆಯಲ್ಲೇ ವಾಕಿಂಗ್ ಮಾಡಿಸಿ. ಮೀನೆಣ್ಣೆ ಚರ್ಮಕ್ಕೆ ಒಳ್ಳೆಯದು, ಆದರೆ ಗುಣ ಕಾಣಲು ಎರಡು ಮೂರು ತಿಂಗಳು ಬೇಕು.

ಇಷ್ಟರಿಂದ ನವೆ ಪೂರ್ತಿ ಹೋಗದು. ಆಗ ಔಷಧ ಬೇಕು, ಒಳ್ಳೆಯವೂ ಇವೆ. ಒಕ್ಲಾಸಿಟಿನಿಬ್ ಮಾತ್ರೆ ಕೆಲವೇ ಗಂಟೆಗಳಲ್ಲಿ ನವೆ ಇಳಿಸುತ್ತದೆ, ಸ್ಟಿರಾಯ್ಡಿನಂತೆ ನೀರು ಕುಡಿಸುವುದಿಲ್ಲ. ಆದರೆ ಒಂದು ವರ್ಷದೊಳಗಿನ ನಾಯಿಗೆ, ಗಂಭೀರ ಸೋಂಕು ಅಥವಾ ಕ್ಯಾನ್ಸರ್ ಇರುವ ನಾಯಿಗೆ ಕೊಡುವಂತಿಲ್ಲ, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆ ಅದಲ್ಲ. ಸೈಕ್ಲೋಸ್ಪೊರಿನ್ ಎಂಬ ಇನ್ನೊಂದು ಔಷಧ ಕೆಲಸ ತೋರಿಸಲು ನಾಲ್ಕರಿಂದ ಆರು ವಾರ ತೆಗೆದುಕೊಳ್ಳುತ್ತದೆ. ಮೂರು ನಾಲ್ಕು ತಿಂಗಳ ತೊಂದರೆಗೆ ನಾನು ಅದನ್ನು ಆರಿಸುವುದಿಲ್ಲ. ಮುಂದಿನ ವರ್ಷ ಮಾತ್ರ ನವೆ ಹತ್ತುವವರೆಗೆ ಕಾಯಬೇಡಿ. ಗಣೇಶನ ಹಬ್ಬದ ಹೊತ್ತಿಗೇ ಸ್ನಾನ, ಪಾದ ತೊಳೆಯುವುದು, ಚಿಗಟದ ಮಾತ್ರೆ ಶುರುವಾಗಿರಲಿ. ಆಗ ಔಷಧ ಕಡಿಮೆ ಸಾಕಾಗುತ್ತದೆ.

ಈ ವಾರವೇ ವೈದ್ಯರ ಬಳಿ ಹೋಗಿ. ಹೋಗುವ ಮುಂಚೆ ಆ ಪರಿಚಯದವರಿಂದ ಇಂಜೆಕ್ಷನ್ನಿನ ಹೆಸರು, ಹಾಕಿದ ತಾರೀಖು ಕೇಳಿ ಬರೆದುಕೊಳ್ಳಿ. ಹೇಳದಿದ್ದರೆ ಅವರನ್ನು ಇನ್ನು ಮನೆಗೆ ಕರೆಯಬೇಡಿ.

ಪ್ರಶ್ನೆ: ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್ ಹಚ್ಚಿದರೆ ಮೂರೇ ದಿನದಲ್ಲಿ ವಾಸಿಯಾಗುತ್ತದಂತೆ, ನಿಜವೇ? – ದಾವಣಗೆರೆ

ಉತ್ತರ: ಇಲ್ಲ, ಇಲ್ಲ, ಇಲ್ಲ. ನಾಯಿ ಅದನ್ನು ನೆಕ್ಕುತ್ತದೆ, ಚರ್ಮವೂ ಹೀರಿಕೊಳ್ಳುತ್ತದೆ. ಹೀಗೆ ಮೈಯೆಲ್ಲ ಬಳಿಸಿಕೊಂಡು ಬಂದ ಆರು ತಿಂಗಳ ಮರಿಯೊಂದನ್ನು ಎರಡು ದಿನ ಒದ್ದಾಡಿಯೂ ಉಳಿಸಿಕೊಳ್ಳಲಾಗಲಿಲ್ಲ. ಅದಕ್ಕಿದ್ದದ್ದು ವಾರಗಳಲ್ಲಿ ವಾಸಿಯಾಗುವ ಮಾಮೂಲಿ ಕಜ್ಜಿ. ಆ ಮರಿಯ ಕಣ್ಣು ನನಗೆ ಇವತ್ತಿಗೂ ನೆನಪಿದೆ. ಈಗಾಗಲೇ ಹಚ್ಚಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಜಿಡ್ಡು ಹೋಗುವವರೆಗೆ ತೊಳೆಯಿರಿ, ನೆಕ್ಕಲು ಬಿಡಬೇಡಿ, ವಾಂತಿ ಮಾಡಿಸಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಸೀಮೆಎಣ್ಣೆ, ಫಿನಾಯಿಲ್, ಹೊಗೆಸೊಪ್ಪಿನ ನೀರಿಗೂ ಇದೇ ಉತ್ತರ.

ಪ್ರಶ್ನೆ: ನಾವು ನುಂಗುವ ಸೆಟ್ರಿಜಿನ್ ಅನ್ನೇ ಕೊಡಬಹುದೇ? – ಹಾಸನ

ಉತ್ತರ: ನಾಯಿಯ ನವೆಗೆ ಅದರಿಂದ ಸಿಗುವ ಪ್ರಯೋಜನ ತೀರಾ ಕಡಿಮೆ. ಅದಕ್ಕಿಂತ ಹೆದರಿಕೆ ಎಂದರೆ, ನೆಗಡಿ ಮಾತ್ರೆಗಳಲ್ಲಿ ಅದರ ಜೊತೆ ಸ್ಯೂಡೋಎಫೆಡ್ರಿನ್, ಪ್ಯಾರಾಸಿಟಮಾಲ್ ಬೆರೆತಿರುತ್ತವೆ. ಅವು ನಾಯಿಯ ಪ್ರಾಣಕ್ಕೇ ಎರವಾಗಬಹುದು. ಮನೆಯ ಮಾತ್ರೆ ಡಬ್ಬಿ ಮನೆಯವರಿಗಷ್ಟೇ ಇರಲಿ.

ಪ್ರಶ್ನೆ: ಕೊಬ್ಬರಿ ಎಣ್ಣೆಗೆ ಅರಿಶಿನ, ಬೇವು ಕಲಸಿ ಹಚ್ಚುತ್ತಿದ್ದೇವೆ. ಮುಂದುವರಿಸಲೇ? – ಶಿರಸಿ

ಉತ್ತರ: ನಿಲ್ಲಿಸಿ. ಯೀಸ್ಟ್ ಬೆಳೆದ ಚರ್ಮಕ್ಕೆ ಎಣ್ಣೆ ಬಳಿಯುವುದೆಂದರೆ ಅದಕ್ಕೆ ಊಟ ಬಡಿಸಿದ ಹಾಗೆ.

ಪ್ರಶ್ನೆ: ಮಳೆಗಾಲ ಮುಗಿದಾಗ ಮಾತ್ರ ತುರಿಕೆ. ಚಿಕನ್ ನಿಲ್ಲಿಸಬೇಕೇ? – ಮಂಡ್ಯ

ಉತ್ತರ: ವರ್ಷವಿಡೀ ಅದೇ ಚಿಕನ್ ತಿನ್ನುವ ನಾಯಿಗೆ ಅಕ್ಟೋಬರಿನಲ್ಲಿ ಮಾತ್ರ ನವೆಯಾದರೆ ಚಿಕನ್ನಿನ ತಪ್ಪಲ್ಲ.

ಪ್ರಶ್ನೆ: ಹಸ್ಕಿಯ ಕೂದಲನ್ನು ಪೂರ್ತಿ ಬೋಳಿಸಿದರೆ ನವೆ ಕಡಿಮೆಯಾಗುತ್ತದೆಯೇ? – ವೈಟ್‌ಫೀಲ್ಡ್

ಉತ್ತರ: ಇಲ್ಲ. ಗಾಯವಾದ ಜಾಗದ ಸುತ್ತ ಮಾತ್ರ ಕತ್ತರಿಸಿ.

ಪ್ರಶ್ನೆ: ಬೀದಿಯಲ್ಲಿ ನಾವು ಊಟ ಹಾಕುವ ನಾಯಿಗೆ ನವೆ. ಅದನ್ನು ಮುಟ್ಟುವ ನಮ್ಮ ಮಗಳ ಮುಂಗೈ, ಹೊಟ್ಟೆಯ ಮೇಲೂ ಈಗ ಕೆಂಪು ಗುಳ್ಳೆ ಎದ್ದಿವೆ. ಅಲರ್ಜಿ ಹರಡುತ್ತದೆಯೇ? – ಮೈಸೂರು

ಉತ್ತರ: ಅಲರ್ಜಿ ಹರಡುವುದಿಲ್ಲ, ಆದರೆ ಕಜ್ಜಿ ಹರಡುತ್ತದೆ. ನೀವು ಬರೆದಿರುವುದು ಅದೇ ಇರಬಹುದು. ನಾಯಿಯ ಕಿವಿಯ ಅಂಚು, ಮೊಣಕೈಗಳಲ್ಲಿ ಕೂದಲು ಉದುರಿ ಹೊಪ್ಪಳೆ ಕಟ್ಟಿದೆಯೇ ನೋಡಿ. ಪಶುವೈದ್ಯರು ಚರ್ಮವನ್ನು ಕೆರೆದು ಪರೀಕ್ಷಿಸಲಿ. ಕೆಲವೊಮ್ಮೆ ಹುಳು ಸಿಗದೆಯೂ ಇರಬಹುದು, ಅನುಮಾನವಿದ್ದರೆ ಚಿಕಿತ್ಸೆ ಕೊಟ್ಟೇ ನೋಡುವುದು ಸರಿ. ಐವರ್‌ಮೆಕ್ಟಿನ್ ಚುಚ್ಚುತ್ತೇನೆಂದು ಯಾರಾದರೂ ಬಂದರೆ ನಾಯಿ ಕಾಲಿ ಎಂಬ ಕುರಿ ಕಾಯುವ ತಳಿಯ ಬೆರಕೆಯಲ್ಲವೇ ಎಂದು ಮೊದಲು ಕೇಳಿ, ಅಂಥವಕ್ಕೆ ಅದು ಮಾರಕ. ಮಗಳನ್ನು ಚರ್ಮವೈದ್ಯರಿಗೆ ತೋರಿಸುವಾಗ ನಾಯಿಯ ವಿಷಯವನ್ನು ಮರೆಯದೆ ಹೇಳಿ. ಅದಕ್ಕೆ ಊಟ ಹಾಕುವುದನ್ನು ನಿಲ್ಲಿಸಬೇಡಿ, ಚಿಕಿತ್ಸೆ ಮುಗಿಯುವವರೆಗೆ ಮುಟ್ಟುವಾಗ ಕೈಗವಸು ಹಾಕಿಕೊಂಡರೆ ಸಾಕು.