ಸಿನಿಮಾ ಒಂದು ಬಿಟ್ಟು ಉಳಿದದ್ದೆಲ್ಲ ಇದೆ

ನಮಸ್ಕಾರ. ದಕ್ಷಿಣ ಕೊರಿಯಾದ ‘ಸಾಂಗ್ನೊಕ್ಸು’ ಸಿನಿಮಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವಂಥದ್ದೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅರ್ಧ ಲೇಖನ ನಿರ್ದೇಶಕ ಶಿನ್ ಸಾಂಗ್-ಓಕ್ ಮತ್ತು ನಾಯಕಿಯ ಪಾತ್ರ ಮಾಡಿದ ಚೋಯ್ ಯುನ್-ಹಿ ಅಪಹರಣಕ್ಕೇ ಹೋಗಿದೆ. 1978ರಲ್ಲಿ ಉತ್ತರ ಕೊರಿಯಾ ಅವರನ್ನು ಹೊತ್ತೊಯ್ದದ್ದು, 1986ರಲ್ಲಿ ವಿಯೆನ್ನಾದಲ್ಲಿ ಅವರು ತಪ್ಪಿಸಿಕೊಂಡದ್ದು ರೋಚಕವೇ, ಒಪ್ಪಿದೆ. ಆದರೆ ಈ ಸಿನಿಮಾ ಬಂದದ್ದು 1961ರಲ್ಲಿ, ಅಲ್ವಾ? ಅಪಹರಣಕ್ಕೆ ಎರಡು ಸಾಲು ಸಾಕು.

ಸಿನಿಮಾದ ಜೀವ ಇರುವುದು ಬೇರೆ ಕಡೆ. ಕೊರಿಯಾ ಮೇಲೆ ಜಪಾನಿನ ಆಳ್ವಿಕೆ ಇದ್ದ ಕಾಲ. ಹಳ್ಳಿಮಕ್ಕಳಿಗೆ ಅಕ್ಷರ ಕಲಿಸುವ ನಾಯಕಿ ಯೊಂಗ್-ಶಿನ್‌ಗೆ ಪೊಲೀಸರ ಹುಕುಂ ಬರುತ್ತದೆ: 80 ಮಕ್ಕಳಿಗಿಂತ ಜಾಸ್ತಿ ಕೂರಿಸಬಾರದು. ಹೊರಗಾದ ಮಕ್ಕಳು ಮನೆಗೆ ಹೋಗುವುದಿಲ್ಲ. ಗೋಡೆ, ಮರ ಹತ್ತಿ ಅಲ್ಲಿಂದಲೇ ಪಾಠ ಇಣುಕುತ್ತಾರೆ. ಇದಕ್ಕೆ ನೀವು ಕೊಟ್ಟದ್ದು ಒಂದೇ ಸಾಲು, ಅದೂ ‘ಮನಕಲಕುವ ದೃಶ್ಯ’ ಅಂತ. ಕಲಕಿದ್ದು ಯಾವುದು, ಸ್ವಲ್ಪ ನಿಂತು ನೋಡಿ. ಹುಕುಂ ಕೊಟ್ಟವನು ಪೊಲೀಸು. ಆದರೆ ಮಗುವಿನ ಮುಖ ನೋಡಿ ‘ನೀನು ಎದ್ದು ಹೋಗು’ ಅನ್ನಬೇಕಾದವಳು ಟೀಚರ್. ಪರರ ಆಳ್ವಿಕೆ ಮನುಷ್ಯರನ್ನು ಎಂಥ ಕೆಲಸಕ್ಕೆ ಹಚ್ಚುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ. ನಿಮ್ಮ ಮೊದಲ ಪುಟದ ಇತಿಹಾಸದಲ್ಲಿ ಕಾಣುವುದಿಲ್ಲ.

ಕತೆ ‘ಪೂರ್ತಿ ಕಾಲ್ಪನಿಕ’ ಅಂದಿದ್ದೀರಿ, ಅದು ತಪ್ಪು. ಶಿಮ್ ಹುನ್ ಅವರ ಮೂಲ ಕಾದಂಬರಿ ‘ದೊಂಗ್-ಆ ಇಲ್ಬೊ’ ಪತ್ರಿಕೆಯಲ್ಲಿ 1935ರಲ್ಲಿ ಧಾರಾವಾಹಿಯಾಗಿ ಬರತೊಡಗಿತು. ಆ ವರ್ಷದ ಜನವರಿಯಲ್ಲಷ್ಟೇ ಚೋಯ್ ಯೊಂಗ್-ಶಿನ್ ಎಂಬ ಹಳ್ಳಿ ಶಿಕ್ಷಕಿ 25ನೇ ವಯಸ್ಸಿಗೇ ತೀರಿಕೊಂಡಿದ್ದರು. ನಾಯಕಿಗೆ ಮಾದರಿ ಅವರೇ. ಅವರು ಕಲಿಸಿದ ಊರು ಈಗ ಆನ್ಸಾನ್ ನಗರದೊಳಗಿದೆ. ಅಲ್ಲಿನ ಮೆಟ್ರೋ ಸ್ಟೇಷನ್ನಿಗೂ ‘ಸಾಂಗ್ನೊಕ್ಸು’ ಅಂತಲೇ ಹೆಸರು. ಇಂಥದ್ದು ಸುಮ್ನೆ ಬಿಡಬಾರದು.

ಇನ್ನೊಂದು. 1961ರ ಮೇನಲ್ಲಿ ದಕ್ಷಿಣ ಕೊರಿಯಾದಲ್ಲಿ ಜನರಲ್ ಪಾರ್ಕ್ ಚುಂಗ್-ಹಿ ಸೇನಾ ಬಲದಿಂದ ಅಧಿಕಾರ ಹಿಡಿದರು. ಹಳ್ಳಿ ಸುಧಾರಣೆಯ ‘ಸೆಮಾವುಲ್’ ಚಳವಳಿಯನ್ನು 1970ರಲ್ಲಿ ಶುರು ಮಾಡಿದ್ದೂ ಅವರೇ. ಅಂಥ ಕಾಲದಲ್ಲಿ, ಹುಕುಂಗೆ ಎದುರಾಗಿ ಹಳ್ಳಿ ಕಟ್ಟಲು ಹೊರಟವಳ ಕತೆಯನ್ನು ಜನ ಹೇಗೆ ನೋಡಿರಬಹುದು? ಈ ಪ್ರಶ್ನೆ ಎತ್ತಿದರೆ ಲೇಖನ ಬೇರೆಯೇ ಆಗುತ್ತದೆ.

ಕೊನೆಯಲ್ಲಿ ನಮ್ಮ ಸರ್ಕಾರಿ ಶಾಲೆಗಳ ಬಗ್ಗೆ ಬರೆದ ಪ್ಯಾರಾ ತೆಗೆದುಬಿಡಿ. ಹೊಳೆಯಬೇಕಾದವರಿಗೆ ತಾನಾಗಿ ಹೊಳೆಯುತ್ತದೆ. ಸಾವಿರ ಪದ ಮೀರದ ಹಾಗೆ ತಿದ್ದಿ ಕಳಿಸಿ. ಅದಕ್ಕೂ ಮೊದಲು ಸಿನಿಮಾ ಇನ್ನೊಮ್ಮೆ ನೋಡಿ, ಈ ಸಲ ಫೋನು ಪಕ್ಕಕ್ಕಿಟ್ಟು.